ಗುರುವಾರ ಗೋಯೆಲ್ ಬರುವನು

ಹಿರಿಯೂರು
12 ಸೆಪ್ಟೆಂಬರ್ 2024

ಮಾನ್ಯ ಮುನಿಯಪ್ಪನವರಿಗೆ,

ಲತಾ ಮಾಡುವ ನಮಸ್ಕಾರಗಳು. ನಿಮಗೂ ನಮಗೂ ಯಾವ ಸಂಭಂಧವೂ ಇಲ್ಲ. ಆದರೂ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ನಾನು ಇಲ್ಲಿಗೆ ಹತ್ತಿರದ ಒಂದು ಪಂಚಾಯ್ತಿ ಗ್ರಂಥಾಲಯದಲ್ಲಿ ಮೇಲ್ವಿಚಾರಕಿ. ಸಿರಿಗೆರೆಯಲ್ಲಿ ನನ್ನ ಜೊತೆ ಓದಿದ ಕಲ್ಲೇಶ್ ನಿಮ್ಮ ವಿಳಾಸ ಕೊಟ್ಟರು. "ಬಿ.ದುರ್ಗದಾಗೆ ಒಬ್ರು ಅದಾರೆ, ಹೀಬ್ರೂ ಮುನಿಯಪ್ಪ ಅಂತ. ಫೋನ್ ಮಾಡಬ್ಯಾಡ, ಕಿವಿ ಕೇಳಂಗಿಲ್ಲ. ಕಾಗದ ಬರಿ, ಉತ್ರ ಬರ್ದೇ ಬರೀತಾರೆ" ಎಂದರು.

ವಿಷಯ ಇಷ್ಟು. ನನ್ನ ತಂಗಿ ಸುಚಿತ್ರಾ ಇಸ್ರೇಲಿನಲ್ಲಿದ್ದಾಳೆ. ಸಮುದ್ರದ ದಂಡೆಯ ಒಂದು ಸಣ್ಣ ಊರಿನಲ್ಲಿ ಹದಸ್ಸಾ ಎಂಬ ತೊಂಬತ್ತೊಂದು ವರ್ಷದ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ. ಹೋಗಿ ಮೂರು ವರ್ಷವಾಯಿತು. ಅಲ್ಲಿಯ ಮಾತು ಕಲಿತಿದ್ದಾಳೆ. ಆದರೆ ಅದು ಅಡುಗೆಮನೆಯ ಮಾತು, ಓದಲು ಬರೆಯಲು ಬರುವುದಿಲ್ಲ. ಆ ಅಜ್ಜಿ ದಿನವೂ ನೋಟುಬುಕ್ಕಿನಲ್ಲಿ ಹಾಡು ಬರೆಯುತ್ತಾರಂತೆ. "ಕಣ್ಣು ಮುಚ್ಚುವ ಮುಂಚೆ ನನ್ನ ಹಾಡನ್ನು ನಿನ್ನ ಭಾಷೆಯಲ್ಲಿ ಒಂದು ಸಲ ಕೇಳಬೇಕು" ಎಂದು ಹಟ ಹಿಡಿದಿದ್ದಾರೆ. ಸುಚಿತ್ರಾ ಫೋನಿನಲ್ಲಿ ಕಳಿಸಿದ ಮೂರು ಹಾಳೆಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಇಟ್ಟಿದ್ದೇನೆ. ಕನ್ನಡ ಮಾಡಿಕೊಡುತ್ತೀರಾ?

ಇನ್ನೊಂದು ಮಾತಿದೆ. ನಮ್ಮ ಅವ್ವ ಜುಂಜಮ್ಮ ಕುರಿಹಟ್ಟಿಯಲ್ಲಿ ಬೆಳೆದವಳು, ಅಕ್ಷರ ಬಾರದು. ಟಿವಿಯಲ್ಲಿ ಆ ದೇಶದ ಬೆಂಕಿ ಹೊಗೆ ನೋಡಿದ ದಿನ ಊಟ ಬಿಡುತ್ತಾಳೆ. ಸುಚಿತ್ರಾಳನ್ನು ಕೇಳಿದರೆ, "ಗಲಾಟೆ ಎಲ್ಲ ಗಡಿಯಾಗೆ ಕಣೆ, ಇಲ್ಲಿ ಏನೂ ಇಲ್ಲ" ಎನ್ನುತ್ತಾಳೆ. ನನಗೆ ನಂಬಿಕೆ ಸಾಲದು. ಅವಳು ಸುಳ್ಳು ಹೇಳಬಹುದು, ಮುದುಕಿ ತನ್ನ ನೋಟುಬುಕ್ಕಿಗೆ ಯಾಕೆ ಸುಳ್ಳು ಹೇಳುತ್ತಾರೆ? ಆ ಹಾಡುಗಳಲ್ಲಿ ಯುದ್ಧದ ಮಾತೇನಾದರೂ ಇದ್ದರೆ ನನಗೊಬ್ಬಳಿಗೆ ತಿಳಿಸಿ. ನನಗೆ ಹೆದರಿಕೆ ಇದೆ.

ಲತಾ

ಬಿ.ದುರ್ಗ
18 ಸೆಪ್ಟೆಂಬರ್ 2024

ಶ್ರೀಮತಿ ಲತಾ ಅವರಿಗೆ,

ಸಂಭಂಧ ಅಲ್ಲ, ಸಂಬಂಧ. ಗ್ರಂಥಾಲಯದಲ್ಲಿ ಕೂತವರು ಮಹಾಪ್ರಾಣವನ್ನು ಹೀಗೆ ದಾನ ಮಾಡಬಾರದು. ಬೇಸರ ಬೇಡ, ಮೂವತ್ತು ವರ್ಷ ಬೆಂಗಳೂರಿನಲ್ಲಿ ಕರಡು ತಿದ್ದಿದವನ ಚಾಳಿ ಇದು. ಧರ್ಮಗ್ರಂಥ ಅಚ್ಚು ಹಾಕುವ ಒಂದು ಪ್ರೆಸ್ಸು ಅದು. ಮೂಲಕ್ಕೂ ಕನ್ನಡಕ್ಕೂ ತಾಳೆ ನೋಡಬೇಕಲ್ಲ ಎಂದು ಅಲ್ಲಿದ್ದ ಒಬ್ಬ ಮುದಿ ಪಾದ್ರಿಗಳು ನನಗೆ ಹೀಬ್ರೂ ಹೇಳಿಕೊಟ್ಟರು. ಅಚ್ಚುಯಂತ್ರದ ಪಕ್ಕ ಕೂತು ಕೂತು ಕಿವಿ ಹೋಯಿತು, ಹೀಬ್ರೂ ಬಂತು. ವ್ಯಾಪಾರ ನಷ್ಟವೇನಲ್ಲ.

ಆ ಬರವಣಿಗೆಯಲ್ಲಿ ವ್ಯಂಜನಗಳು ಮಾತ್ರ ಇರುತ್ತವೆ, ಸ್ವರವನ್ನು ಓದುವವನೇ ತುಂಬಿಕೊಳ್ಳಬೇಕು. ನಮ್ಮಲ್ಲಿ ಬರೀ 'ಕ', 'ಲ' ಎಂದು ಬರೆದರೆ ಕಾಲೋ ಕೋಲೋ ಕಲ್ಲೋ ಕುಲವೋ ಹೇಗೆ ಗೊತ್ತಾಗಬೇಕು? ಹಿಂದೆಮುಂದೆ ನೋಡಿ ಹೇಳಬೇಕು. ಅದಕ್ಕೇ ಇದು ಎಲ್ಲರ ಕೆಲಸವಲ್ಲ.

ಒಂದು ಹಾಡು ಮುಗಿಸಿದ್ದೇನೆ.

ಉಪ್ಪಿಗೆ ಕಡಲ ನೆನಪು:
ನನ್ನನ್ನು ಎಲ್ಲಿ ಬಿಟ್ಟೆ ತಾಯಿ?
ಬಿಡಲಿಲ್ಲ ಮಗಳೇ,
ಒಬ್ಬಳ ಕಣ್ಣಲ್ಲಿ ಇಟ್ಟು ಬಂದೆ.

ನಿಮ್ಮ ಹೆದರಿಕೆಯ ವಿಷಯ. ಯುದ್ಧಕ್ಕೆ, ಕತ್ತಿಗೆ, ಭರ್ಜಿಗೆ, ರಥಕ್ಕೆ ಹೀಬ್ರೂವಿನಲ್ಲಿ ಇರುವ ಪದಗಳೆಲ್ಲ ನನಗೆ ಬಾಯಿಪಾಠ. ಈ ಮೂರು ಹಾಳೆಗಳಲ್ಲಿ ಒಂದೂ ಇಲ್ಲ. ನಿಮ್ಮ ತಾಯಿಗೆ ಊಟ ಮಾಡಲು ಹೇಳಿ. ಒಂದು ಪದ ಮಾತ್ರ ಮತ್ತೆ ಮತ್ತೆ ಬರುತ್ತದೆ, ಮೆತಪೆಲೆತ್ ಎಂದು. ಬೇರು ನೋಡಿದರೆ 'ಬಳಿಯುವವಳು' ಎಂದಾಗಬೇಕು. ಹಳೆಯ ಗ್ರಂಥದಲ್ಲಿ ಸುಳ್ಳು ಬಳಿಯುವವರಿಗೆ ಆ ಮಾತು. ಇಲ್ಲಿ ಯಾರು ಏನನ್ನು ಬಳಿಯುತ್ತಾರೋ ತಿಳಿಯದು.

ಮುನಿಯಪ್ಪ

ಹಿರಿಯೂರು
27 ಸೆಪ್ಟೆಂಬರ್ 2024

ಮೇಷ್ಟ್ರೇ,

ನೀವು ಮೇಷ್ಟ್ರಲ್ಲದಿದ್ದರೂ ತಪ್ಪು ತಿದ್ದಿದ ಮೇಲೆ ಹಾಗೇ ಕರೆಯಬೇಕು. ಉಪ್ಪಿನ ಹಾಡನ್ನು ಅವ್ವನಿಗೆ ಓದಿದೆ. "ಆ ಮುದುಕಿ ನನ್ನಂಥೋಳೇ ಸೈ. ಸಾಯೋ ವಯಸ್ನಾಗೂ ಅವ್ವನ್ನ ನೆನೀತಾಳೆ ನೋಡು" ಎಂದಳು. ಸುಚಿತ್ರಾಗೂ ಕಳಿಸಿದೆ. ಅವಳು ಗಟ್ಟಿಯಾಗಿ ಓದಿದಾಗ ಅಜ್ಜಿ ಅವಳ ತುಟಿಯನ್ನೇ ನೋಡುತ್ತಾ ಕೂತಿದ್ದರಂತೆ. ಇನ್ನೂ ಬೇಕು ಎಂದರಂತೆ.

ಬಳಿಯುವವಳು ನಮ್ಮ ಸುಚಿತ್ರಾ ಇರಬೇಕು. ದಿನಾ ಅಜ್ಜಿಯ ಮಂಡಿಗೆ ಎಣ್ಣೆ ಹಚ್ಚುತ್ತಾಳಂತೆ. ಅಷ್ಟು ದೊಡ್ಡ ಗ್ರಂಥ ತಿರುವಿ ಹಾಕಿದಿರಿ ಪಾಪ.

ಹೊಸ ಹಾಳೆ ಇಟ್ಟಿದ್ದೇನೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅವಳ ಬಲಗೈಗೆ ಬಟ್ಟೆ ಸುತ್ತಿತ್ತು. ಏನೇ ಅದು ಎಂದರೆ ಕೈ ಹಿಂದಕ್ಕೆಳೆದುಕೊಂಡು, "ಈರುಳ್ಳಿ ಹೆಚ್ಚುವಾಗ ತಾಗಿತು" ಎಂದಳು. ಅವ್ವ ನಂಬಿದಳು. ಈರುಳ್ಳಿ ಹೆಚ್ಚಿದರೆ ಎಡಗೈಗಲ್ಲವೇ ತಾಗುವುದು?

ಲತಾ

ಬಿ.ದುರ್ಗ
5 ಅಕ್ಟೋಬರ್ 2024

ಲತಾ ಅವರಿಗೆ,

ಹಾಳೆ ತಲುಪಿತು. ಪ್ರಿಂಟು ಅಷ್ಟು ಸ್ಪಷ್ಟವಾಗಿಲ್ಲ. ಇನ್ನೊಂದು ಪ್ರತಿ ತೆಗೆಸಿ ಕಳಿಸಿ.

ನಿಮ್ಮ ತಂಗಿ ಪಕ್ಕದ ಮನೆಯ ಹೆಂಗಸಿನ ವಿಷಯ ಎಂದಾದರೂ ಮಾತಾಡಿದ್ದಾಳೆಯೇ? ನೀವಾಗಿ ಕೇಳಬೇಡಿ. ಅವಳಾಗಿ ಹೇಳಿದ್ದರೆ ಮಾತ್ರ ಬರೆಯಿರಿ. ಅಲ್ಲಿಯ ಪೊಲೀಸರ ಮಾತು ಬಂದಿತ್ತೇ? ಊರಿಗೆ ಬರುವ ಯೋಚನೆ ಇದೆಯೇ?

ಸುಮ್ಮನೆ ಕೇಳಿದೆ. ಹಾಡಿನ ಸಂದರ್ಭ ತಿಳಿದರೆ ಅನುವಾದಕ್ಕೆ ಅನುಕೂಲ.

ಮುನಿಯಪ್ಪ

ಹಿರಿಯೂರು
11 ಅಕ್ಟೋಬರ್ 2024

ಮೇಷ್ಟ್ರೇ,

ಪ್ರತಿ ಇಟ್ಟಿದ್ದೇನೆ. ಮೊದಲಿನದೂ ಸ್ಪಷ್ಟವಾಗಿಯೇ ಇತ್ತು, ನನಗೆ ಕಣ್ಣಿದೆ.

ಸುಮ್ಮನೆ ಯಾರೂ ಪೊಲೀಸರ ವಿಷಯ ಕೇಳುವುದಿಲ್ಲ. ನೀವು ಬೇಡವೆಂದರೂ ಸುಚಿತ್ರಾಳನ್ನು ಕೇಳಿಯೇಬಿಟ್ಟೆ, ಪಕ್ಕದ ಮನೆಯವರು ಹೇಗಿದ್ದಾರೆ ಎಂದು. ಅವಳ ಮುಖ ಸಣ್ಣದಾಯಿತು. "ಅವ್ರು ಈಗ ಇಲ್ಲಿಲ್ಲ, ಆಸ್ಪತ್ರೆಗೆ ಹೋದ್ರು" ಎಂದಳು. ಏನಾಯಿತು ಎಂದರೆ, "ಏನೂ ಇಲ್ಲ ಕಣಕ್ಕ, ಅವ್ವನ ಮುಂದೆ ಅದೆಲ್ಲ ಯಾಕೆ" ಎಂದು ಫೋನ್ ಇಟ್ಟಳು. ನನ್ನ ತಂಗಿ ಫೋನ್ ಮೊದಲು ಇಡುವವಳಲ್ಲ ಮೇಷ್ಟ್ರೇ. ನಮಗೇ ಸಾಕುಸಾಕಾಗುವವರೆಗೆ ಮಾತಾಡುವವಳು.

ಆ ಹಾಳೆಯಲ್ಲಿ ಏನಿದೆ? ಕೆಟ್ಟದ್ದಾದರೂ ಸರಿ, ಬರೆಯಿರಿ.

ಲತಾ

ಬಿ.ದುರ್ಗ
17 ಅಕ್ಟೋಬರ್ 2024

ತಾಯಿ ಲತಾ,

ಬಚ್ಚಿಟ್ಟದ್ದು ತಪ್ಪು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಹಾಳೆಯಲ್ಲಿರುವುದು ಇದು.

ಬೊಬ್ಬೆ ಎದ್ದಿತು. ನೆರೆಯವಳು ಬಿದ್ದಳು.
ಬಳಿಯುವವಳ ಕೈಯಲ್ಲಿ ರಕ್ತ.
ಮಿಕ್ಲಾತಿನಲ್ಲಿ ಹೊಳಪಿರಲಿಲ್ಲ.
ಅವಳು ದೀಪವನ್ನು ಮುಂದೆ ಇಳಿಸಿ ಆಮೇಲೆ ಇಳಿದಳು.
ತಿಂಗಳ ಕೊನೆಯ ಗುರುವಾರ ಗೋಯೆಲ್ ಬರುವನು.

ಬೊಬ್ಬೆ ಎಂದರೆ ಅನ್ಯಾಯವಾದಾಗ ಜನ ಎಬ್ಬಿಸುವ ಕೂಗು. 'ಬಿದ್ದಳು' ಎಂಬುದು ಹಳೆಯ ಹಾಡುಗಳಲ್ಲಿ ಸತ್ತವರಿಗೆ ಹೇಳುವ ಮಾತು. ದೀಪ, ಸತ್ತವರ ಹೆಸರಿನಲ್ಲಿ ಹಚ್ಚುವುದು ಅವರಲ್ಲೂ ಉಂಟು. ಇಷ್ಟನ್ನು ಬೇರೆ ರೀತಿ ಓದಬಹುದೇನೋ ಎಂದು ಹತ್ತು ದಿನ ಒದ್ದಾಡಿದೆ. ಉಳಿದ ಎರಡು ಪದಗಳು ಬಿಡುವುದಿಲ್ಲ.

ಮಿಕ್ಲಾತ್ ಎಂದರೆ, ಬೇಕೆಂದು ಅಲ್ಲದೆ, ಅರಿಯದೆ ಒಬ್ಬರ ಜೀವ ತೆಗೆದವರು ಓಡಿಹೋಗಿ ಸೇರುವ ಜಾಗ. ಅಂಥವರಿಗೆಂದೇ ಆ ನಾಡಿನಲ್ಲಿ ಆರು ಊರುಗಳಿದ್ದವು. ಗೋಯೆಲ್ ಎಂದರೆ ಸತ್ತವರ ಹತ್ತಿರದ ದಾಯಾದಿ. ರಕ್ತಕ್ಕೆ ರಕ್ತ ಕೇಳಲು ಬರುವವನು. ಮಿಕ್ಲಾತಿನ ಒಳಗಿದ್ದರೆ ಅವನು ಮುಟ್ಟುವ ಹಾಗಿಲ್ಲ, ಹೊರಗೆ ಸಿಕ್ಕರೆ ಕೇಳುವವರಿಲ್ಲ. ಆ ಪದಕ್ಕೆ 'ಬಿಡಿಸುವವನು' ಎಂಬ ಇನ್ನೊಂದು ಅರ್ಥವೂ ಉಂಟು. ಆದರೆ ರಕ್ತದ ಪಕ್ಕ, ಮಿಕ್ಲಾತಿನ ಪಕ್ಕ ಬಂದಾಗ ಅರ್ಥ ಒಂದೇ.

ನಿಮ್ಮ ತಂಗಿ ಕೊಲೆಗಾರ್ತಿಯಲ್ಲ ತಾಯಿ. ಏನೋ ಕೈತಪ್ಪಿ ಆಗಿದೆ. ಮಿಕ್ಲಾತ್ ಅಂಥವರಿಗೇ ಇರುವುದು. ಆದರೆ ಅವಳು ಈಗ ಅದೇ ಮನೆಗೆ ವಾಪಸು ಬಂದಿದ್ದಾಳೆ, ಅದೇ ಭಯ. ಅವರ ತಿಂಗಳೂ ನಮ್ಮದರ ಹಾಗೆ ಅಮಾವಾಸ್ಯೆಗೆ ಮುಗಿಯುತ್ತದೆ. ಹಾಳೆಯ ಅಂಚಿನಲ್ಲಿ ಅವರ ಹಬ್ಬದ ತಿಂಗಳ ಹೆಸರಿದೆ, ಗುಣಿಸಿ ನೋಡಿದೆ. ಕೊನೆಯ ಗುರುವಾರ ಎಂದರೆ ಅಕ್ಟೋಬರ್ 31, ನಮ್ಮ ದೀಪಾವಳಿಯ ದಿನ. ಅವತ್ತು ಅವಳು ಆ ಮನೆಯಲ್ಲಿ ಇರಬಾರದು.

ಫೋನಿನಲ್ಲಿ ಕೊಲೆ, ರಕ್ತ ಎಂದೆಲ್ಲ ಆಡಬೇಡಿ. ಯಾರು ಕೇಳಿಸಿಕೊಳ್ಳುತ್ತಾರೋ ಹೇಳಲಾಗದು.

ಮುನಿಯಪ್ಪ

ಹಿರಿಯೂರು
24 ಅಕ್ಟೋಬರ್ 2024

ಮೇಷ್ಟ್ರೇ,

ನಿಮ್ಮ ಕಾಗದ ಓದಿ ಗ್ರಂಥಾಲಯಕ್ಕೆ ಬೀಗ ಹಾಕಿ ಕೂತೆ. ನಮ್ಮ ಸುಚಿತ್ರಾ ಕುರಿಮರಿ ಕಾಲು ಮುರಿದುಕೊಂಡರೆ ರಾತ್ರಿಯೆಲ್ಲ ಅಳುತ್ತಿದ್ದ ಹುಡುಗಿ. ಅವಳ ಕೈಯಲ್ಲಿ ರಕ್ತ ಎಂದರೆ ಹೇಗೆ ನಂಬಲಿ? ಆದರೆ ಕೈಗೆ ಬಟ್ಟೆ ಇತ್ತು. ಪಕ್ಕದ ಮನೆಯವಳು ಇಲ್ಲ. ಸುಚಿತ್ರಾ ಮಾತು ಮರೆಸುತ್ತಿದ್ದಾಳೆ. ಎಲ್ಲಾ ತಾಳೆಯಾಗುತ್ತದೆ.

ನಿಜ ಹೇಳಿ ಅವಳನ್ನು ಹೊರಡಿಸಲಾರೆ. ಅದಕ್ಕೆ ಒಂದು ಸುಳ್ಳು ಹೇಳಿದೆ. ಅವ್ವ ಹಟ್ಟಿಗೆ ಹೋಗಿ ಶಾಸ್ತ್ರ ಕೇಳಿಸಿದ್ದಾಳೆ, ಪೂಜಾರಿಯ ಮೈಮೇಲೆ ದೇವರು ಬಂದು, ಅಮಾವಾಸ್ಯೆಯ ಗುರುವಾರ ಹಗಲು ನಿನ್ನ ಮಗಳು ಆ ಮನೆಯ ಸೂರಿನ ಕೆಳಗೆ ಇರಕೂಡದು ಎಂದು ಅಪ್ಪಣೆಯಾಗಿದೆ ಎಂದೆ. "ಅಜ್ಜಿ ಒಬ್ರೇ ಇರ್ತಾರಲ್ಲೇ" ಎಂದಳು. ಇಡೀ ದಿನ ಎಂದರೆ ಒಪ್ಪಲಾರಳೆಂದು, "ಒಂದ್ ಮೂರ್ ತಾಸು ತಾನೇ, ಅವ್ವನ ಮೇಲೆ ಆಣೆ" ಎಂದೆ. ಒಪ್ಪಿದಳು. ಹನ್ನೊಂದು ಗಂಟೆಗೆ ಹೊರಟು ಸಮುದ್ರದ ಕಡೆ ಹೋಗಿ ಕೂರುತ್ತೇನೆ ಎಂದಳು.

ದೇವರ ಹೆಸರಿನಲ್ಲಿ ಸುಳ್ಳಾಡಿದ್ದೇನೆ. ಅವ್ವನಿಗೆ ಏನೂ ಗೊತ್ತಿಲ್ಲ. ನಾನು ಮಾಡಿದ್ದು ಸರಿಯೋ ತಪ್ಪೋ ಬರೆಯಿರಿ.

ಲತಾ

ಬಿ.ದುರ್ಗ
29 ಅಕ್ಟೋಬರ್ 2024

ತಾಯಿ ಲತಾ,

ನಿನ್ನ ಕಾಗದ ಈಗ ಬಂತು. ಅವಸರದಲ್ಲಿ ಬರೆಯುತ್ತಿದ್ದೇನೆ.

ಮೂರನೆಯ ಸಾಲು ನನ್ನನ್ನು ಕಾಡುತ್ತಿದೆ. 'ಮಿಕ್ಲಾತಿನಲ್ಲಿ ಹೊಳಪಿರಲಿಲ್ಲ.' ಮೂಲದಲ್ಲಿರುವ ಪದ ಹಶ್ಮಲ್. ಹಳೆಯ ಗ್ರಂಥದಲ್ಲಿ ಅದು ದೈವದರ್ಶನದಲ್ಲಿ ಕಾಣುವ ಹೊಳಪು. ಓಡಿಹೋದ ಹೆಂಗಸು ಅದು ಇರಲಿಲ್ಲ ಎಂದು ಯಾಕೆ ಗಮನಿಸುತ್ತಾಳೆ? ಮೊದಲು ಇದನ್ನು ಹಾಡಿನ ಅಲಂಕಾರ ಎಂದು ದಾಟಿಸಿಬಿಟ್ಟೆ. ಈಗ ಅನ್ನಿಸುತ್ತಿದೆ, ಈ ಪದ ಈಗಿನವರ ಬಾಯಲ್ಲಿ ಬೇರೇನೋ ಆಗಿರಬಹುದು. ಒಂದು ಪದ ಹಾಗಾಗಿದ್ದರೆ ಉಳಿದವೂ ಹಾಗೇ ಆಗಿರಬಹುದಲ್ಲವೇ? ನನಗೆ ಗೊತ್ತಿರುವ ಆ ದೇಶ ಎರಡೂವರೆ ಸಾವಿರ ವರ್ಷ ಹಳೆಯದು ತಾಯಿ.

ತಂಗಿಯನ್ನು ಹೊರಗೆ ಕಳಿಸಬೇಡ. ಸ್ವಲ್ಪ ತಡೆ.

ಮುನಿಯಪ್ಪ

ಹಿರಿಯೂರು
1 ನವೆಂಬರ್ 2024

ಮುನಿಯಪ್ಪನವರಿಗೆ,

ನಿನ್ನೆ ಏನಾಯಿತು ಎಂದು ನೀವು ತಿಳಿಯಬೇಕು. ಮಧ್ಯಾಹ್ನ ಎರಡೂವರೆಗೆ, ಅಲ್ಲಿಯ ಹನ್ನೊಂದಕ್ಕೆ, ಸುಚಿತ್ರಾ 'ಹೊರಟೆ' ಎಂದು ಮೆಸೇಜು ಹಾಕಿದಳು. ಮೂರೂವರೆಯಿಂದ ಫೋನ್ ಎತ್ತಲಿಲ್ಲ. ಹತ್ತು ಸಲ ಮಾಡಿದೆ, ಇಪ್ಪತ್ತು ಸಲ ಮಾಡಿದೆ. ಅವ್ವ ಹಣತೆಗೆ ಬತ್ತಿ ಹೊಸೆಯುತ್ತಾ ಕೂತಿದ್ದವಳು ನನ್ನ ಮುಖ ನೋಡಿ, "ಏನೇ ಅದು, ಹೆಣ ಕಂಡೋರ ಹಂಗೆ ಮಾಡ್ತಿದಿ" ಎಂದಳು. ತಡೆಯಲಾಗಲಿಲ್ಲ. ಅತ್ತು ಎಲ್ಲ ಹೇಳಿದೆ. ನಿಮ್ಮ ಅನುವಾದವನ್ನೂ ಓದಿದೆ.

ಅವ್ವ ದೀಪದ ಸಾಲನ್ನು ಇನ್ನೊಂದು ಸಲ ಓದಿಸಿದಳು. ಆಮೇಲೆ ಹೇಳಿದ್ದು ಇದು:

"ಕೊಲೆ ಮಾಡಿ ಓಡೋ ಹೆಣ್ಣು ದೀಪ ಮುಂದೆ ಇಳಿಸಿ ಇಳೀತಾಳೇನೆ? ಇದು ಹಗೇವಿಗೆ ಇಳಿಯೋ ಕ್ರಮ. ನಾನೇ ಕಲಿಸಿದ್ದು, ನಿಮ್ಮಿಬ್ರಿಗೂವೆ. ಆ ಊರಾಗೆ ಹಗೇವು ಯಾಕೈತೆ? ನನ್ ಮಗ್ಳು ಅದ್ರಾಗೆ ಯಾಕೆ ಇಳೀತಾಳೆ? ಅದ್ನ ಕೇಳು ಮೊದ್ಲು."

ನಿಮಗೆ ಹಗೇವು ಗೊತ್ತಲ್ಲ, ರಾಗಿ ತುಂಬಿಡುವ ನೆಲದೊಳಗಿನ ಗುಂಡಿ. ಬಾಯಿ ತೆಗೆದ ಕೂಡಲೇ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತದೆ. ಅವ್ವನ ಅಪ್ಪ ಕಾಟಲಿಂಗಪ್ಪ ಹಾಗೇ ಹೋದವರು. ಅವತ್ತಿನಿಂದ ನಮ್ಮ ಮನೆಯಲ್ಲಿ ಕತ್ತಲೆಯ ಯಾವ ಜಾಗಕ್ಕಾದರೂ ಮೊದಲು ಹಗ್ಗ ಕಟ್ಟಿ ದೀಪ ಬಿಡಬೇಕು. ದೀಪ ಆರಿದರೆ ಇಳಿಯಬಾರದು. ಇಷ್ಟು ನನಗೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ನಿಮ್ಮ ಗ್ರಂಥ ತಲೆಯಲ್ಲಿ ಕೂತಿತ್ತು.

ಐದು ಗಂಟೆಗೆ ಅವಳು ಸಿಕ್ಕಳು. "ಯಾವ ಹಗೇವಿಗೆ ಇಳಿದೆ?" ಎಂದೆ. ಅವಳು ಅಳಲು ಶುರು ಮಾಡಿದಳು. ಮಿಕ್ಲಾತ್ ಎಂದರೆ ಬಾಂಬು ಬೀಳುವಾಗ ಓಡಿ ಸೇರುವ ನೆಲಮನೆ. ಅಲ್ಲಿ ಮಕ್ಕಳಿಗೂ ಗೊತ್ತಿರುವ ಪದ. ಬೊಬ್ಬೆ ಎಂದರೆ ಸೈರನ್. ಒಂದೂವರೆ ತಿಂಗಳಿನಿಂದ ದಿನಕ್ಕೆ ಎರಡು ಮೂರು ಸಲ ಕೂಗುತ್ತಿದೆಯಂತೆ. ಅವ್ವ ಹೆದರುತ್ತಾಳೆಂದು ಮುಚ್ಚಿಟ್ಟಳು. ಪಕ್ಕದ ಮನೆಯಾಕೆ ಓಡುವಾಗ ಮೆಟ್ಟಿಲಲ್ಲಿ ಬಿದ್ದು ಕಾಲು ಮುರಿದುಕೊಂಡರು. ಎತ್ತಿದವಳು ಸುಚಿತ್ರಾ, ಅವಳ ಕೈಗೆ ಗಾಯವಾದದ್ದೂ ಆಗಲೇ. ಹಶ್ಮಲ್ ಎಂದರೆ ಕರೆಂಟು. ನಿಮ್ಮ ಬಳಿಯುವವಳು ಎಂದರೆ ಆರೈಕೆ ಮಾಡುವವಳು. ಗೋಯೆಲ್ ಎಂಬುದು ಅಜ್ಜಿಯ ಮಗನ ಹೆಸರು. ಹೆಸರು, ಮುನಿಯಪ್ಪನವರೇ, ಬರೀ ಹೆಸರು! ಅವರ ಹಬ್ಬ ಮುಗಿದ ನಂತರ ತಾಯಿಯನ್ನು ನೋಡಲು ಬರುವವನಿದ್ದ.

ನಿನ್ನೆ ಅವಳು ದಂಡೆಯಲ್ಲಿದ್ದಾಗಲೂ ಸೈರನ್ ಕೂಗಿತು. ಓಡಲು ಜಾಗವಿಲ್ಲದೆ ಮರಳಿನ ಮೇಲೆ ಮಕಾಡೆ ಮಲಗಿ, ತಲೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಮನೆಯಲ್ಲೇ ಇದ್ದಿದ್ದರೆ ಹತ್ತು ಮೆಟ್ಟಿಲು ಇಳಿದರೆ ಸಾಕಿತ್ತು. ಅವಳನ್ನು ಬಯಲಿಗೆ ಕಳಿಸಿದ್ದು ನೀವು ಮತ್ತು ನಾನು.

ಎಲ್ಲರೂ ಚೆನ್ನಾಗಿದ್ದಾರೆ. ಅಜ್ಜಿಯೂ ಚೆನ್ನಾಗಿದ್ದಾರೆ. ಈ ಕಾಗದದಲ್ಲಿ ಎಷ್ಟು ಕಾಗುಣಿತದ ತಪ್ಪಿದೆ ಎಂದು ದಯವಿಟ್ಟು ತಿಳಿಸಬೇಡಿ.

ಲತಾ

ಬಿ.ದುರ್ಗ
8 ನವೆಂಬರ್ 2024

ತಾಯಿ ಲತಾ,

ಏನೆಂದು ಬರೆಯಲಿ? ನಾಚಿಕೆಯಿಂದ ಎರಡು ದಿನ ಆ ಪುಸ್ತಕಗಳ ಕಡೆ ತಿರುಗಿ ನೋಡಲಿಲ್ಲ. ಮೂವತ್ತು ವರ್ಷ ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆದವನು ನಾನು. ನಿನ್ನ ಅವ್ವನಿಗೆ ನನ್ನ ಸಾಷ್ಟಾಂಗ ಹೇಳು. ಅಕ್ಷರ ಬಾರದ ಆಕೆ ಒಂದು ಸಾಲು ಕೇಳಿ ಕಂಡದ್ದನ್ನು ನಾನು ನಿಘಂಟು ಇಟ್ಟುಕೊಂಡು ಕಾಣಲಿಲ್ಲ. ಸಾಲುಗಳನ್ನು ತಿದ್ದಿದ್ದೇನೆ.

ಸೈರನ್ ಕೂಗಿತು. ಪಕ್ಕದ ಮನೆಯಾಕೆ ಬಿದ್ದಳು.
ಎತ್ತಿದವಳ ಕೈಗೆಲ್ಲ ರಕ್ತ, ನನ್ನನ್ನು ನೋಡಿಕೊಳ್ಳುವವಳ ಕೈಗೆ.
ಹಗೇವಿನಲ್ಲಿ ಕರೆಂಟ್ ಇರಲಿಲ್ಲ.
ಅವಳು ದೀಪವನ್ನು ಮುಂದೆ ಇಳಿಸಿ ಆಮೇಲೆ ಇಳಿದಳು.
ತಿಂಗಳ ಕೊನೆಯ ಗುರುವಾರ ಗೋಯೆಲ್ ಬರುವನು.

ಕೊನೆಯ ಎರಡು ಸಾಲುಗಳಲ್ಲಿ ಒಂದಕ್ಷರ ಬದಲಾಗಿಲ್ಲ. ಆದರೂ ಓದಿದರೆ ಈಗ ಹಗೆ ಕಾಣುವುದಿಲ್ಲ, ತಾಯಿಯೊಬ್ಬಳು ಮಗನ ದಾರಿ ಕಾಯುವುದು ಕಾಣುತ್ತದೆ.

ಒಂದು ಮಾತು ಮಾತ್ರ ಕೇಳುತ್ತೇನೆ. ಗುರುವಾರ ನಿನ್ನ ತಂಗಿ ದಂಡೆಯಲ್ಲಿದ್ದಾಗ ಸೈರನ್ ಕೂಗಿತಲ್ಲ, ಆಗ ಅಜ್ಜಿಯನ್ನು ಕೆಳಗೆ ಇಳಿಸಿದವರು ಯಾರು?

ಮುನಿಯಪ್ಪ

ಹಿರಿಯೂರು
20 ನವೆಂಬರ್ 2024

ಮೇಷ್ಟ್ರೇ,

ತಡವಾಯಿತು, ಗ್ರಂಥಾಲಯದಲ್ಲಿ ಕೆಲಸವಿತ್ತು. ನಿಮ್ಮ ಅಕ್ಟೋಬರ್ 29ರ ಕಾಗದ ನನ್ನ ಕೈ ಸೇರಿದ್ದು ನವೆಂಬರ್ 4ಕ್ಕೆ. ಹಬ್ಬದ ರಜೆ.

ಕೋಪದಲ್ಲಿ ಏನೇನೋ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಗೋಯೆಲ್ ಉಪ್ಪಿನ ಹಾಡನ್ನು ಹೀಬ್ರೂ ಒಂದು ಕಡೆ, ಕನ್ನಡ ಒಂದು ಕಡೆ ಅಚ್ಚು ಹಾಕಿಸುತ್ತಾನಂತೆ. ಅಲ್ಲಿ ಅಚ್ಚಾದ ಹಾಳೆಯ ಪ್ರಿಂಟು ಇಟ್ಟಿದ್ದೇನೆ. ಸಾಲುಗಳು ಎದುರುಬದುರು ಸರಿಯಾಗಿ ಕೂತಿವೆಯೇ ನೋಡಿ ಸಾಕು. ಉಳಿದದ್ದು ನೋಡುವುದು ಬೇಡ.

ಇನ್ನೊಂದು ವಿಷಯ. ಜನವರಿಯಲ್ಲಿ ಅವನು ಇಲ್ಲಿಗೆ ಬರುತ್ತಾನಂತೆ. ತಾಯಿಯ ಹಾಡು ಕನ್ನಡ ಮಾಡಿದವರನ್ನು ನೋಡಬೇಕಂತೆ.

ಲತಾ

ಬಿ.ದುರ್ಗ
25 ನವೆಂಬರ್ 2024

ತಾಯಿ ಲತಾ,

ಸಾಲುಗಳು ಸರಿಯಾಗಿ ಕೂತಿವೆ.

ಹಾಳೆಯ ಮೇಲೆ ಹದಸ್ಸಾ ಎಂಬ ಹೆಸರಿನ ಪಕ್ಕದಲ್ಲಿ ಎರಡು ಸಣ್ಣ ಅಕ್ಷರಗಳಿವೆ. ನಿನಗೆ ಅವು ಕಂಡಿರಲಾರವು. ಕಂಡಿದ್ದರೂ ಏನೆಂದು ತಿಳಿದಿರಲಾರದು. 'ಅವಳ ನೆನಪು ಮಂಗಳವಾಗಲಿ' ಎಂಬುದರ ಗುರುತು ಅದು. ತೀರಿಕೊಂಡವರ ಹೆಸರಿನ ಪಕ್ಕ ಹಾಕುತ್ತಾರೆ. ಹಳಬರೂ ಹಾಗೇ ಬರೆಯುತ್ತಿದ್ದರು, ಹೊಸಬರೂ ಹಾಗೇ ಬರೆಯುತ್ತಾರೆ. ಈ ಸಲ ತಪ್ಪಾಗಿ ಓದಿರಲಿ ದೇವರೇ ಎಂದು ಕನ್ನಡಕ ಒರೆಸಿ ಒರೆಸಿ ನೋಡಿದೆ. ಸರಿಯಾಗಿಯೇ ಓದಿದ್ದೇನೆ.

ನೀನು ನನ್ನ ಪ್ರಶ್ನೆಗೆ ಉತ್ತರ ಬರೆಯಲಿಲ್ಲ. ಮುದುಕನಿಗೆ ನೋವಾಗಬಾರದೆಂದು ಮುಚ್ಚಿಟ್ಟೆ. ನಿನ್ನ ತಂಗಿಯೂ ಅವ್ವನಿಗೆ ಹೀಗೇ ಮುಚ್ಚಿಟ್ಟಿದ್ದಳು.

ನಾನೂ ಒಂದನ್ನು ಮುಚ್ಚಿಟ್ಟಿದ್ದೇನೆ. 29ನೇ ತಾರೀಖು ಕಾಗದ ಬರೆದಾಗ ಪಕ್ಕದ ಮನೆಯ ಮಲ್ಲೇಶ್ ಜಗಲಿಯಲ್ಲೇ ಕೂತಿದ್ದ. ಕೈಯಲ್ಲಿ ಫೋನ್ ಇತ್ತು. ಪಂಚಾಯ್ತಿಯಲ್ಲಿ ವಿಚಾರಿಸಿ ನಿನ್ನ ನಂಬರು ಹುಡುಕಿ, "ಮುನಿಯಪ್ಪ ಹೇಳಿದ್ದು ತಪ್ಪಿರಬಹುದು, ತಡೆಯಿರಿ" ಎಂದು ಹೇಳು ಮಾರಾಯ ಎಂದಿದ್ದರೆ ಅವನು ಐದು ನಿಮಿಷದಲ್ಲಿ ಮಾಡುತ್ತಿದ್ದ. ಗುಟ್ಟಿನ ವಿಷಯ, ಇನ್ನೊಬ್ಬರ ಬಾಯಿಗೆ ಹಾಕಬಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು. ಹೀಬ್ರೂ ಮುನಿಯಪ್ಪನಿಗೆ ಹೀಬ್ರೂ ತಪ್ಪಿತು ಎಂದು ಊರಿಗೆ ಗೊತ್ತಾಗುವುದು ಬೇಡವಾಗಿತ್ತು. ಅಷ್ಟೇ. ಕಾಗದಕ್ಕೆ ಸ್ಟಾಂಪು ಹಚ್ಚಿ ಡಬ್ಬಿಗೆ ಹಾಕಿ ಬಂದೆ.

ಅರಿಯದೆ ಜೀವ ತೆಗೆದವನಿಗೆ ಆ ಕಾಲದಲ್ಲಿ ಆರು ಊರುಗಳಿದ್ದವು ಎಂದು ನಿನಗೆ ಬರೆದಿದ್ದೆ. ನನಗೆ ಒಂದೂ ಗೊತ್ತಿಲ್ಲ. ಗೋಯೆಲ್ ಬರುತ್ತಾನೆ ಎಂದು ನೀನು ಬರೆದ ಸಾಲು ಓದಿದಾಗ, ಅದು ಬರೀ ಹೆಸರು ಎಂದು ತಿಳಿದಿದ್ದರೂ, ಎದ್ದು ಬಾಗಿಲಿಗೆ ಅಗುಳಿ ಹಾಕಿದೆ. ಅವನು ನನಗೆ ಕೈಮುಗಿಯಲು ಬರುತ್ತಿದ್ದಾನೆ ತಾಯಿ. ಅದು ಇನ್ನೂ ಭಯ.

ಅವನಿಗೆ ನಾನೇ ಹೇಳುತ್ತೇನೆ. ಅದಕ್ಕೆ ಮೊದಲು ನಿನ್ನ ಅವ್ವನ ಮುಂದೆ ಕೂತು ಹೇಳಿಕೊಳ್ಳಬೇಕು. ಚಿತ್ರದುರ್ಗಕ್ಕೆ ಬಂದರೆ ಹಿರಿಯೂರಿಗೆ ಬಸ್ಸು ಸಿಗುತ್ತದೆ. ನಾನು ಬರಬಹುದೇ?

ಮುನಿಯಪ್ಪ

ಹಿರಿಯೂರು
30 ನವೆಂಬರ್ 2024

ಮೇಷ್ಟ್ರೇ,

ನಿಮ್ಮ ಪ್ರಶ್ನೆಗೆ ಉತ್ತರ. ಯಾರೂ ಇಳಿಸಲಿಲ್ಲ.

ಸೈರನ್ ಕೂಗಿದಾಗ ಅಜ್ಜಿ ಸುಚಿತ್ರಾಳನ್ನು ಕರೆದಿದ್ದಾರೆ. ಅವಳು ಇರಲಿಲ್ಲ. ತಾವೇ ಎದ್ದು ಮೋಂಬತ್ತಿ ಹಚ್ಚಿ, ಮೊದಲ ಮೆಟ್ಟಿಲಿನ ಮೇಲೆ ಬಗ್ಗಿ, ಅವಳು ಮಾಡುತ್ತಿದ್ದ ಹಾಗೆಯೇ ಅದನ್ನು ಮುಂದೆ ಇಳಿಸಲು ಹೋಗಿದ್ದಾರೆ. ಗೋಯೆಲ್ ಬಂದು ಬಾಗಿಲು ತೆಗೆದಾಗ ಕೆಳಗೆ ಬಿದ್ದಿದ್ದರು. ನಾನು ನಿಮಗೆ ಚೆನ್ನಾಗಿದ್ದಾರೆ ಎಂದು ಬರೆದಾಗ ಆಸ್ಪತ್ರೆಯಲ್ಲಿದ್ದರು. ಮರುದಿನ ಶನಿವಾರ ಹೋದರು.

ಸುಚಿತ್ರಾ ಗೋಯೆಲ್ ಮುಂದೆ ಇದ್ದದ್ದನ್ನೇ ಹೇಳಿದಳು, ಊರಿನ ದೇವರ ಅಪ್ಪಣೆಯಾಗಿತ್ತು, ಅದಕ್ಕೇ ಹೊರಗೆ ಹೋಗಿದ್ದೆ ಎಂದು. ಆ ಅಪ್ಪಣೆ ನಾನು ಕಟ್ಟಿದ್ದೆಂದು ಅವಳಿಗೂ ಗೊತ್ತಿರಲಿಲ್ಲ. ನಿಮ್ಮ ಕಾಗದ ಬಂದ ಮೇಲೆ ನಿನ್ನೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಫೋನ್ ಇಟ್ಟಳು. ಮತ್ತೆ ಮಾಡಿಲ್ಲ. ನಾನು ಮಾಡಿದರೆ ಎತ್ತುತ್ತಿಲ್ಲ. ತಪ್ಪು ಓದಿದ್ದು ನೀವು, ಸುಳ್ಳು ಆಡಿದ್ದು ನಾನು. ಪಾಲು ಮಾಡಿಕೊಳ್ಳಲು ಕೂತರೆ ನನ್ನ ಪಾಲೇ ದೊಡ್ಡದು.

ಗೋಯೆಲ್ ಜನವರಿ 9ಕ್ಕೆ ಬರುತ್ತಾನೆ. ಗುರುವಾರ. ಹೇಳುವುದನ್ನು ಇಬ್ಬರೂ ಸೇರಿ ಹೇಳೋಣ. ಅವನು ಬಿಡಿಸುವವನೋ, ಇನ್ನೊಂದೋ, ಅವತ್ತು ತಿಳಿಯುತ್ತದೆ. ನನಗೂ ಭಯವಿದೆ ಮೇಷ್ಟ್ರೇ, ತುಂಬಾ ಭಯವಿದೆ.

ನಿಮ್ಮ ಕಾಗದವನ್ನು ಅವ್ವನಿಗೆ ಪೂರ್ತಿ ಓದಿದೆ. ಕಣ್ಣು ಒರೆಸಿಕೊಂಡು ಅವಳು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ, ಒಂದಕ್ಷರ ತಿದ್ದಬೇಡಿ.

"ಬರ್ರಿ ಅನ್ನು ಅವ್ರಿಗೆ. ಒಳಗಿನಿಂದ ನಾನು ಬಾ ಅಂದ್ರೆ ಅವ್ರಿಗೆ ಕೇಳಾದಿಲ್ಲ. ಹೊಸ್ತಿಲ ಮೇಲೆ ದೀಪ ಇಟ್ಟಿರ್ತೀನಿ. ಅದು ಉರೀತಿದ್ರೆ ಒಳಗೆ ಬರಬೋದು ಅಂತ ತಿಳ್ಕಳ್ಳಿ."

ಲತಾ